ಇನ್ನೊಬ್ಬರ ಕೋಟು

ಮಗನಿಗೋ ಮಗಳಿಗೋ ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಮೊದಲು ಶುರುವಾಗುವುದು ತೂಕದ ಲೆಕ್ಕ. ಪೆಟ್ಟಿಗೆಯೊಂದಕ್ಕೆ ಸಾಮಾನ್ಯವಾಗಿ 23 ಕೆ.ಜಿ.ಯ ಮಿತಿ. ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ತುಂಬಿದ ಮೇಲೆ ಉಳಿದ ಜಾಗದಲ್ಲಿ ದಪ್ಪನೆಯ ಕೋಟೊಂದನ್ನು ಅದುಮಿ ಕೂರಿಸಬೇಕು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಆ ಕೋಟು ನವೆಂಬರಿನ ಮಳೆಗಾಳಿಗೆ ಏತಕ್ಕೂ ಸಾಲದೆಂಬುದು ಎಷ್ಟೋ ಸಲ ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತದೆ. ಆಗ ಹಿರಿಯ ವಿದ್ಯಾರ್ಥಿಗಳು ಯಾರಾದರೂ ಪಕ್ಕದ ಬೀದಿಯ 'ಚಾರಿಟಿ ಶಾಪ್' ತೋರಿಸುತ್ತಾರೆ.

ಜನ ತಮಗೆ ಬೇಡವಾದ ಬಟ್ಟೆ, ಪುಸ್ತಕ, ಪಾತ್ರೆ, ಆಟಿಕೆಗಳನ್ನು ಪುಕ್ಕಟೆಯಾಗಿ ತಂದುಕೊಡುವ, ಸಂಸ್ಥೆ ಅವನ್ನು ಅಗ್ಗವಾಗಿ ಮಾರಿ ಬಂದ ಲಾಭವನ್ನು ತನ್ನ ಸೇವಾಕಾರ್ಯಕ್ಕೆ ಬಳಸುವ ಅಂಗಡಿ ಇದು. ಬ್ರಿಟನ್ನಿನಲ್ಲಿ ಇಂಥವು ಹತ್ತು ಸಾವಿರಕ್ಕೂ ಹೆಚ್ಚಿವೆ. ಹೃದ್ರೋಗದ ಸಂಶೋಧನೆಗೆ ಒಂದು, ಕ್ಯಾನ್ಸರಿಗೆ ಒಂದು, ವೃದ್ಧರ ನೆರವಿಗೆ ಇನ್ನೊಂದು ಎಂದು ಪೇಟೆಬೀದಿಯಲ್ಲಿ ಸಾಲಾಗಿ ಕಾಣಸಿಗುವುದೂ ಉಂಟು. ಹಸಿವಿನ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಹುಟ್ಟಿದ್ದು 1942ರಲ್ಲಿ, ಯುದ್ಧಕಾಲದ ಗ್ರೀಸಿನ ಕ್ಷಾಮಪೀಡಿತರಿಗಾಗಿ. ಯುದ್ಧ ಮುಗಿದ ಮೇಲೆ ಜನ ಕೊಟ್ಟ ಸಾಮಾನು ರಾಶಿ ಬಿದ್ದು, ಆ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಅದರ ಅಂಗಡಿ ತೆರೆಯಿತು. ಅಮೆರಿಕದಲ್ಲಿ ಇದಕ್ಕೂ ಮುಂಚೆ, 1902ರಲ್ಲಿಯೇ, ಎಡ್ಗರ್ ಹೆಲ್ಮ್ಸ್ ಎಂಬ ಪಾದ್ರಿ ಬಾಸ್ಟನ್ನಿನಲ್ಲಿ 'ಗುಡ್‌ವಿಲ್' ಆರಂಭಿಸಿದ್ದರು. ಹಳೆಯ ಬಟ್ಟೆಬರೆ ಕೂಡಿಸಿ, ಬಡವರಿಂದಲೇ ರಿಪೇರಿ ಮಾಡಿಸಿ, ಅವರಿಗೆ ಕೆಲಸ ಕೊಟ್ಟದ್ದು ಅವರ ಉಪಾಯ.

ಊರಿಗೆ ಫೋನು ಮಾಡಿ ವಿಷಯ ಹೇಳಿದರೆ ಅಮ್ಮನ ಮೊದಲ ಮಾತು, "ಯಾರು ಹಾಕ್ಕೊಂಡು ಬಿಟ್ಟದ್ದೋ ಏನೋ! ಸತ್ತವರದ್ದಾಗಿದ್ರೆ?" ನಗುವಂಥ ಮಾತಲ್ಲ ಇದು. ಯಾರಾದರೂ ತೀರಿಕೊಂಡಾಗ ಅವರ ಮನೆ ತೆರವು ಮಾಡಿ ಬಟ್ಟೆ, ಪುಸ್ತಕ, ಪಿಂಗಾಣಿ ಎಲ್ಲವನ್ನೂ ಈ ಅಂಗಡಿಗಳಿಗೆ ಕೊಡುವ ರೂಢಿ ಅಲ್ಲಿ ನಿಜವಾಗಿಯೂ ಇದೆ. ಯಾವುದು ಯಾರದ್ದೆಂದು ಕೊಳ್ಳುವವರಿಗೆ ಗೊತ್ತಾಗುವಂತಿಲ್ಲ. ಮನಸ್ಸು ಒಪ್ಪದವರು ಕೋಟಿನ ಗೊಡವೆಗೆ ಹೋಗದೆ ತಟ್ಟೆ, ಲೋಟ, ಟೇಬಲ್ ಲ್ಯಾಂಪು, ಪುಸ್ತಕ ಕೊಂಡರೂ ಒಳ್ಳೆಯ ಉಳಿತಾಯವೇ. ಹಾಗೆ ನೋಡಿದರೆ ಅಣ್ಣನ ಪ್ಯಾಂಟು ತಮ್ಮನಿಗೆ, ಅಜ್ಜಿಯ ಸೀರೆ ಕೌದಿಗೆ ಎನ್ನುವ ಲೆಕ್ಕ ನಮ್ಮವರಿಗೇನೂ ಹೊಸದಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳಲ್ಲೇ ಡಿಗ್ರಿ ಮುಗಿಸಿದ ಅಪ್ಪಂದಿರೂ ಬೇಕಾದಷ್ಟಿದ್ದಾರೆ. ಗುರುತಿನವರದಾದರೆ ಸರಿ, ಗುರುತಿಲ್ಲದವರದಾದರೆ ಮುಜುಗರ. ಬ್ಯಾಂಕಿನ ಸಾಲ ತಲೆಯ ಮೇಲಿರುವ ಹುಡುಗಿ ಡಿಸೆಂಬರಿನ ಬಸ್‌ಸ್ಟಾಪಿನಲ್ಲಿ ನಡುಗುತ್ತ ನಿಂತಾಗ ಈ ಮುಜುಗರಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅವಳೇ ತೀರ್ಮಾನಿಸಬೇಕು.

ಕೊಳ್ಳುವಾಗ ಕಣ್ಣು ಚುರುಕಾಗಿರಬೇಕು. ಜಿಪ್ಪನ್ನು ಪೂರ್ತಿ ಎಳೆದು ನೋಡಬೇಕು. ಕಂಕುಳು, ಕಾಲರು, ಜೇಬಿನ ಒಳಗನ್ನು ತಿರುವಿ ಪರೀಕ್ಷಿಸಬೇಕು. ಉಣ್ಣೆಯ ಬಟ್ಟೆಯಾದರೆ ಬೆಳಕಿಗೆ ಹಿಡಿದರೆ ನುಸಿ ತಿಂದ ತೂತು ಕಾಣುತ್ತದೆ. ಚೌಕಾಸಿಯ ಪದ್ಧತಿ ಅಲ್ಲಿಲ್ಲ, ಚೀಟಿಯಲ್ಲಿದ್ದಷ್ಟು ಕೊಟ್ಟರಾಯಿತು. ವಿದ್ಯುತ್ ಉಪಕರಣ ಬೇಕಿದ್ದರೆ ಸುರಕ್ಷತೆಯ ಪರೀಕ್ಷೆ ಮಾಡಿ ಮಾರುವ ಅಂಗಡಿಯಲ್ಲೇ ಕೊಳ್ಳಬೇಕು. ಬೆಲೆ ಕಡಿಮೆಯಾಗಿರಲು ಕಾರಣಗಳೂ ಇವೆ: ಮಾಲಿಗೆ ದುಡ್ಡಿಲ್ಲ, ಗಲ್ಲಾದ ಹಿಂದೆ ನಿಂತವರಲ್ಲಿ ಬಹಳಷ್ಟು ಜನ ಸಂಬಳವಿಲ್ಲದ ಸ್ವಯಂಸೇವಕರು, ದಾನವಾಗಿ ಬಂದ ಸಾಮಾನಿನ ಮಾರಾಟಕ್ಕೆ ವ್ಯಾಟ್ ಹೊರೆಯಿಲ್ಲ, ಸ್ಥಳೀಯ ತೆರಿಗೆಯಲ್ಲೂ ದೊಡ್ಡ ರಿಯಾಯಿತಿ. ಆದರೂ ಎಲ್ಲವೂ ಅಗ್ಗವೆಂದು ನಂಬಬಾರದು. ಹೆಸರಾಂತ ಕಂಪನಿಯ ಬಟ್ಟೆ ಬಂದರೆ ಅಂಗಡಿಯವರಿಗೂ ಅದರ ಬೆಲೆ ಗೊತ್ತು. ಸೂಪರ್ ಮಾರ್ಕೆಟ್ಟಿನ ಹೊಸ ಶರ್ಟಿಗಿಂತ ಇಲ್ಲಿನ ಹಳೆಯದು ದುಬಾರಿಯಾಗುವ ವಿಚಿತ್ರವೂ ನಡೆಯುತ್ತದೆ.

ಕೊಡುವ ಸರದಿ ಬರುವುದು ಜೂನಿನಲ್ಲಿ. ಹಾಸ್ಟೆಲು ಖಾಲಿ ಮಾಡುವ ಆ ವಾರಗಳಲ್ಲಿ ವಿಶ್ವವಿದ್ಯಾಲಯದ ಊರುಗಳಲ್ಲಿ ಹಾಸಿಗೆ, ಬಾಣಲೆ, ಪುಸ್ತಕಗಳೆಲ್ಲ ಬೀದಿಗೆ ಬೀಳುತ್ತವೆ. ಇದನ್ನು ತಪ್ಪಿಸಲು ಬ್ರಿಟಿಷ್ ಹಾರ್ಟ್ ಫೌಂಡೇಷನ್ ಹಲವು ವಿಶ್ವವಿದ್ಯಾಲಯಗಳ ಜೊತೆ ಸೇರಿ ಹಾಸ್ಟೆಲುಗಳಲ್ಲೇ ದಾನದ ಡಬ್ಬಿಗಳನ್ನಿಡುತ್ತ ಬಂದಿದೆ. ಕೊಡುವುದಾದರೆ ಒಗೆದು, ಮಡಿಸಿ, ಅಂಗಡಿ ತೆರೆದಿರುವಾಗ ಒಳಗೆ ಹೋಗಿ ಕೊಡಬೇಕು. ರಾತ್ರಿ ಬಾಗಿಲ ಮುಂದೆ ಚೀಲವಿಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಮಳೆಗೆ ನೆನೆದು ಅದು ಕಸವಾಗಿರುತ್ತದೆ. ಆ ಕಸ ಸಾಗಿಸುವ ಖರ್ಚು ಸಂಸ್ಥೆಯ ತಲೆಗೆ. ಬೆಂಕಿ ಸುರಕ್ಷತೆಯ ಲೇಬಲ್ ಇಲ್ಲದ ಸೋಫಾವನ್ನು 1988ರ ನಿಯಮದ ಪ್ರಕಾರ ಅಂಗಡಿಯವರು ಮಾರುವಂತಿಲ್ಲ.

ಗಲ್ಲಾದಲ್ಲಿ 'ಗಿಫ್ಟ್ ಏಡ್' ಎಂಬ ಅರ್ಜಿ ಮುಂದಿಟ್ಟರೆ ತಡೆದು ಓದಬೇಕು. ದಾನಿ ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಅವರ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೆ 25 ಪೆನ್ಸನ್ನು ಸಂಸ್ಥೆ ಸರ್ಕಾರದಿಂದ ಪಡೆಯಬಹುದು. ತೆರಿಗೆ ಕಟ್ಟದ ವಿದ್ಯಾರ್ಥಿ ಸಂಕೋಚಕ್ಕೆ ಸಹಿ ಹಾಕಿದರೆ ಆ ಹಣವನ್ನು ತಾನೇ ಭರಿಸಬೇಕಾಗಿ ಬಂದೀತು. "ಇಲ್ಲ" ಎಂದರೆ ಯಾರೂ ಬೇಸರಿಸುವುದಿಲ್ಲ. ಅಂಗಡಿಯಲ್ಲಿ ವಾರಕ್ಕೆರಡು ಗಂಟೆ ಸೇವೆ ಮಾಡುವ ಆಸೆಯಿದ್ದವರು ವಿದ್ಯಾರ್ಥಿ ವೀಸಾದ ನಿಯಮವನ್ನು ಮೊದಲು ಕಾಲೇಜಿನ ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು. ಸ್ವಯಂಸೇವೆಗೂ ಸಂಬಳವಿಲ್ಲದ ಕೆಲಸಕ್ಕೂ ಕಾನೂನು ವ್ಯತ್ಯಾಸ ಮಾಡುತ್ತದೆ.

ಕೊಟ್ಟದ್ದೆಲ್ಲ ಆ ಅಂಗಡಿಯಲ್ಲೇ ಮಾರಾಟವಾಗುವುದಿಲ್ಲ ಎಂಬುದು ದಾನಿಗಳು ಅಷ್ಟಾಗಿ ಯೋಚಿಸದ ಸಂಗತಿ. ಉಳಿದ ಬಟ್ಟೆ ತೂಕದ ಲೆಕ್ಕದಲ್ಲಿ ವ್ಯಾಪಾರಿಗಳಿಗೆ ಹೋಗುತ್ತದೆ. ಮೂಟೆಯಾಗಿ ಹಡಗು ಹತ್ತುತ್ತದೆ. ಘಾನಾ ದೇಶದ ಅಕ್ರಾ ನಗರದ ಕಂಟಮಾಂಟೊ ಮಾರುಕಟ್ಟೆ ಇಂಥ ಮೂಟೆಗಳ ದೊಡ್ಡ ತಾಣ. 2025ರ ಜನವರಿಯಲ್ಲಿ ಅಲ್ಲಿ ಭಾರೀ ಬೆಂಕಿ ಬಿದ್ದು ಸಾವಿರಾರು ವ್ಯಾಪಾರಿಗಳು ಬೀದಿಪಾಲಾದರು. ಈ ಬಟ್ಟೆಗೆ ಅಲ್ಲಿನ ಜನ ಇಟ್ಟ ಹೆಸರಿನ ಅರ್ಥ 'ಸತ್ತ ಬಿಳಿಯನ ಬಟ್ಟೆ'. ಅಮ್ಮನ ಅನುಮಾನ ಸಮುದ್ರದಾಚೆಯೂ ಇದ್ದದ್ದೇ! ಹರಿದ ಉಣ್ಣೆಯ ಬಟ್ಟೆ ಚಿಂದಿಯಾಗಿ ಹರಿಯಾಣದ ಪಾಣಿಪತ್ತಿಗೆ ಬಂದು, ಮತ್ತೆ ನೂಲಾಗಿ, ಅಗ್ಗದ ಕಂಬಳಿಯಾಗುವುದೂ ಉಂಟು. ಆದ್ದರಿಂದ ಗುಂಡಿ ಕಿತ್ತ ಕೋಟಿಗೆ ಗುಂಡಿ ಹೊಲಿದು ಕೊಟ್ಟರೆ ಅದು ಅದೇ ಬೀದಿಯಲ್ಲಿ ಇನ್ನೊಬ್ಬರ ಮೈಗೇರುವ ಸಂಭವ ಹೆಚ್ಚು.

ಊರಿನಿಂದ ಹೊತ್ತು ತಂದ ಕುಕ್ಕರನ್ನು ಮಾತ್ರ ಅಂಗಡಿಗೆ ಕೊಂಡೊಯ್ಯುವುದು ಬೇಡ. ಅದರ ವೆಯ್ಟು, ಗ್ಯಾಸ್ಕೆಟ್ಟುಗಳ ಮರ್ಮ ತಿಳಿದವರು ಅಲ್ಲಿ ಸಿಗುವುದು ಕಷ್ಟ. ಸೆಪ್ಟೆಂಬರಿನಲ್ಲಿ ಬರುವ ಹೊಸಬರಿಗೆ ಮೊದಲೇ ತಿಳಿಸಿದರೆ ಅವರ ಪೆಟ್ಟಿಗೆಯಲ್ಲಿ ಎರಡು ಕೆ.ಜಿ. ಉಳಿಯುತ್ತದೆ.