ಹೊಸ ಕಾರಿನ ಟೈರು ಬದಲಿಸುವ ಮುನ್ನ

ಕಾರು ಹೊಸದು; ಟೈರುಗಳೂ ಹೊಸವು. ಅವನ್ನು ಬಿಚ್ಚಿಸಿ ಸಾಮಾನ್ಯ ಟೈರು ಹಾಕಿಸಲು ನಾವು ಹೊರಟಾಗ ಮನೆಯ ಹಿರಿಯರು ಹುಬ್ಬೇರಿಸಿದರು. ಅವರ ಆಕ್ಷೇಪವು ನ್ಯಾಯವಾದುದೇ.

ಕಾರಿನೊಡನೆ ಬಂದವು ‘ರನ್‌ಫ್ಲಾಟ್’ ಟೈರುಗಳು. ಗಾಳಿ ಪೂರ್ತಿ ಹೋದರೂ ಇವುಗಳ ದಪ್ಪನೆಯ ಪಕ್ಕಗೋಡೆಗಳೇ ಭಾರ ಹೊತ್ತು, ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸಾಮಾನ್ಯವಾಗಿ 80 ಕಿ.ಮೀ. ದೂರ ಒಯ್ಯಬಲ್ಲವು. ರಾತ್ರಿಯ ವೇಳೆ ಮಕ್ಕಳೊಡನೆ ಹೊರಟವರಿಗೆ ಇದು ಸಣ್ಣ ಧೈರ್ಯವಲ್ಲ. ಆದರೆ ಆ ಗಡಸುತನವೇ ರಸ್ತೆಗುಂಡಿಯ ಪ್ರತಿ ಪೆಟ್ಟನ್ನೂ ವೃದ್ಧರ ಬೆನ್ನಿಗೆ ಮುಟ್ಟಿಸುತ್ತದೆ. ಗಾಳಿಯಿಲ್ಲದೆ ಓಡಿದ ಟೈರಿನ ಒಳಗಾಯ ಹೊರಗೆ ಕಾಣದು. ಆದುದರಿಂದ ತೇಪೆಗಿಂತ ಹೊಸದನ್ನೇ ಕೊಳ್ಳಬೇಕಾಗುವುದು ಹೆಚ್ಚು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸುಮಾರು 200 ಕಿ.ಮೀ. ನಡುದಾರಿಯ ಊರಿನಲ್ಲಿ ಅದೇ ಅಳತೆಯ ಟೈರು ಸಿಕ್ಕೀತೇ?

ಕೊನೆಗೆ ನಾಲ್ಕನ್ನೂ ಒಟ್ಟಿಗೇ ಬದಲಿಸಿದೆವು; ಎರಡು ಬಗೆಯನ್ನು ಬೆರೆಸುವುದು ಸಲ್ಲದು. ಭಾರ ಮತ್ತು ವೇಗದ ಅಂಕಿಗಳು ಕಾರಿನ ಕೈಪಿಡಿಗೆ ಹೊಂದಬೇಕು. ಖಾತರಿಯ ವಿಚಾರವನ್ನು ಮೊದಲೇ ಬರಹದಲ್ಲಿ ಕೇಳಿ ಪಡೆದೆವು.

ಇಂತಹ ಅನೇಕ ಕಾರುಗಳಲ್ಲಿ ಸ್ಟೆಪ್ನಿಗೆ ಸ್ಥಳವೇ ಇರುವುದಿಲ್ಲ. (ವೇಲ್ಸ್‌ನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ 1904ರ ಸುಮಾರಿಗೆ ಹೊರಟ ಈ ಹೆಸರು ನಮ್ಮ ಬಾಯಲ್ಲಿ ಇಂದಿಗೂ ಉಳಿದಿದೆ.) ಕಿರಿದಾದ ಬದಲಿ ಚಕ್ರ, ಜಾಕ್, ಗಾಳಿಯಂತ್ರಗಳನ್ನು ಡಿಕ್ಕಿಯಲ್ಲಿ ಬಿಗಿದು ಕಟ್ಟಿದ್ದೇವೆ. ಗಾಳಿಯ ಎಚ್ಚರಿಕೆಯ ದೀಪ ಹೊತ್ತಿದೊಡನೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕೆಂದು ಚಾಲಕನಿಗೆ ಎರಡೆರಡು ಸಲ ಹೇಳಬೇಕಾಯಿತು. ಹಿಂದಿನ ರೂಢಿಯಲ್ಲಿ ಓಡಿಸಿದರೆ ಟೈರೂ ಹೋದೀತು, ಚಕ್ರವೂ ಕೆಟ್ಟೀತು.

ಬೆನ್ನುನೋವಿನ ದೂರು ಈಗಿಲ್ಲ. ಹಾಸಿಗೆಯ ಗಂಟಿಗೆ ಡಿಕ್ಕಿಯಲ್ಲಿ ಜಾಗ ಸಾಲದೆಂದು ಹಿರಿಯರು ಗೊಣಗುವುದು ಮಾತ್ರ ನಿಂತಿಲ್ಲ.