ತಿಂಗಳಿಗೆ ಎಷ್ಟು ಸಂಪಾದನೆ? ಪ್ರಶ್ನೆ ಸುಲಭ, ಲೆಕ್ಕ ಕಠಿಣ

ಮೈಸೂರು: ‘ನಿಮ್ಮ ಮನೆಯ ತಿಂಗಳ ಆದಾಯ ಎಷ್ಟು?’ ಸಮೀಕ್ಷೆಗೆ ಬಂದವರು ಕೇಳುವ ಈ ಪ್ರಶ್ನೆಗೆ ಕುವೆಂಪುನಗರದ ಬ್ಯಾಂಕ್ ನೌಕರರೊಬ್ಬರು ವೇತನ ಚೀಟಿ ನೋಡಿ ಉತ್ತರಿಸಬಲ್ಲರು. ಉದಯಗಿರಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಮಹಿಳೆಗೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಎಲೆ, ತಂಬಾಕು ಬಂದ ವಾರ ದುಡಿಮೆ, ಬಾರದ ವಾರ ಕೈ ಖಾಲಿ. ದೇವರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿಗೆ ದಸರೆಯ ಗಳಿಕೆಯೇ ಬೇರೆ, ಮದುವೆಗಳಿಲ್ಲದ ತಿಂಗಳ ಗಳಿಕೆಯೇ ಬೇರೆ. ಮೂವರ ಉತ್ತರವೂ ಒಂದೇ ಕಾಲಂನಲ್ಲಿ ದಾಖಲಾಗುತ್ತದೆ. ಆದರೆ ಮೂರನ್ನೂ ಒಂದೇ ಪ್ರಮಾಣದಲ್ಲಿ ನಂಬಲಾಗದು.

ದೇಶದ ಮೊದಲ ಪೂರ್ಣ ಪ್ರಮಾಣದ ಕುಟುಂಬ ಆದಾಯ ಸಮೀಕ್ಷೆಯನ್ನು 2026ರ ಫೆಬ್ರುವರಿಯಿಂದ ನಡೆಸುವುದಾಗಿ ಕೇಂದ್ರ ಸಾಂಖ್ಯಿಕ ಸಚಿವಾಲಯವು 2025ರಲ್ಲಿ ಪ್ರಕಟಿಸಿತು. ಅರ್ಥಶಾಸ್ತ್ರಜ್ಞ ಸುರ್ಜಿತ್ ಭಲ್ಲಾ ಅಧ್ಯಕ್ಷತೆಯಲ್ಲಿ ತಜ್ಞರ ತಂಡವನ್ನೂ ರಚಿಸಿತು. ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾದದ್ದು 1950ರಲ್ಲಿ. ಆದಾಯದ ಪ್ರಶ್ನೆಗೆ ಇಷ್ಟು ವರ್ಷ ಹಿಡಿದದ್ದೇಕೆ?

ಹಳೆಯ ಸೋಲುಗಳು

ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. 1955 ಮತ್ತು 1958-59ರಲ್ಲಿ ಪ್ರಾಯೋಗಿಕವಾಗಿ, 1964-65 ಮತ್ತು 1969-70ರ ಸುತ್ತುಗಳಲ್ಲಿ ಸಮಗ್ರ ಸಮೀಕ್ಷೆಯ ಭಾಗವಾಗಿ ಆದಾಯದ ಮಾಹಿತಿ ಸಂಗ್ರಹಿಸಲಾಯಿತು. ಆಗ ವಿಚಿತ್ರವೊಂದು ಕಂಡುಬಂತು. ಜನರು ಹೇಳಿದ ಆದಾಯವು ಅವರದೇ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆಯಿತ್ತು. ಹೀಗಾಗಿ ಅದನ್ನು ಮುಂದುವರಿಸಲಿಲ್ಲ.

ಈಗಲೂ ಸಂಕೋಚ ಕಡಿಮೆಯಾಗಿಲ್ಲ. 2025ರ ಆಗಸ್ಟ್‌ನಲ್ಲಿ ಪ್ರಶ್ನಾವಳಿಯನ್ನು ಪೂರ್ವಪರೀಕ್ಷೆಗೆ ಒಳಪಡಿಸಿದಾಗ ಸುಮಾರು ಶೇ 95ರಷ್ಟು ಮಂದಿ ಈ ಮಾಹಿತಿ ಸೂಕ್ಷ್ಮವಾದುದೆಂದು ಹೇಳಿದರು. ಆದಾಯ ತೆರಿಗೆ ಕುರಿತ ಪ್ರಶ್ನೆಗೆ ಹೆಚ್ಚಿನವರು ಉತ್ತರಿಸಲು ಒಪ್ಪಲಿಲ್ಲ.

ಮುಚ್ಚಿಡುವುದಕ್ಕೆ ಕಾರಣಗಳಿವೆ. ಉಳ್ಳವರಿಗೆ ತೆರಿಗೆಯ ಅಂಜಿಕೆ. ಇಲ್ಲದವರಿಗೆ ಪಡಿತರ ಚೀಟಿಯ ಚಿಂತೆ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರಬಾರದೆಂಬ ಮಿತಿಯಿದೆ. ಮುಚ್ಚಿಡದವರಿಗೂ ಲೆಕ್ಕ ಸುಲಭವಲ್ಲ. ವ್ಯಾಪಾರಿಗೆ ಗೊತ್ತಿರುವುದು ದಿನದ ವಹಿವಾಟು. ಬಂಡವಾಳ, ಬಡ್ಡಿ, ಬಾಡಿಗೆ ಕಳೆದ ಮೇಲೆ ಉಳಿದದ್ದೇ ಆದಾಯ. ಗೃಹಲಕ್ಷ್ಮಿಯ 2,000 ರೂ., ಮಗ ಬೆಂಗಳೂರಿನಿಂದ ಕಳುಹಿಸುವ ಹಣ ಇವೂ ಮನೆಯ ಆದಾಯವೇ ಎಂಬುದು ಹೊಳೆಯದೇ ಹೋಗಬಹುದು.

ಖರ್ಚು ಕೇಳುವ ದಾರಿ

ಈ ಕಾರಣದಿಂದಲೇ ಭಾರತದಲ್ಲಿ ಜೀವನಮಟ್ಟವನ್ನು ಬಹುಕಾಲ ಖರ್ಚಿನಿಂದ ಅಳೆಯಲಾಗಿದೆ. ಇಲ್ಲಿಯೂ ಕೇಳುವ ರೀತಿ ಬದಲಾದರೆ ಅಂಕಿ ಬದಲಾಗುತ್ತದೆ. ‘ಕಳೆದ ಏಳು ದಿನಗಳಲ್ಲಿ ತರಕಾರಿಗೆ ಎಷ್ಟು ಖರ್ಚಾಯಿತು’ ಎಂದರೆ ನೆನಪು ಹಸಿಯಾಗಿರುತ್ತದೆ. ‘ಮೂವತ್ತು ದಿನಗಳಲ್ಲಿ’ ಎಂದರೆ ಒಂದಷ್ಟು ಮರೆತುಹೋಗಿರುತ್ತದೆ. 1999-2000ರ ಸುತ್ತಿನಲ್ಲಿ ಆಹಾರ ಪದಾರ್ಥಗಳಿಗೆ ಎರಡೂ ಅವಧಿಯ ಪ್ರಶ್ನೆಗಳನ್ನು ಒಂದೇ ಕುಟುಂಬಕ್ಕೆ ಕೇಳಲಾಯಿತು. ಜನರು ಎರಡು ಉತ್ತರಗಳನ್ನೂ ಒಂದಕ್ಕೊಂದು ಹೊಂದಿಸಿ ಹೇಳಿದರೆಂಬ ಆಕ್ಷೇಪ ಎದ್ದಿತು. ಬಡತನ 1993-94ರ ಶೇ 36ರಿಂದ ಶೇ 26ಕ್ಕೆ ಇಳಿಯಿತೆಂಬ ಅಧಿಕೃತ ಅಂಕಿಯನ್ನು ಕುರಿತು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. 2017-18ರ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರ 2019ರ ನವೆಂಬರ್‌ನಲ್ಲಿ ಗುಣಮಟ್ಟದ ಕಾರಣ ನೀಡಿ ಕೈಬಿಟ್ಟಿತು.

2022-23ರಲ್ಲಿ ವಿಧಾನವನ್ನೇ ಬದಲಿಸಲಾಯಿತು. ಒಂದೇ ಭೇಟಿಯಲ್ಲಿ ನೂರಾರು ಪದಾರ್ಥಗಳ ಪಟ್ಟಿ ಓದಿ ದಣಿಸುವ ಬದಲು ಆಹಾರ, ದಿನಬಳಕೆಯ ವಸ್ತು ಮತ್ತು ಸೇವೆ, ಬಾಳಿಕೆಯ ಸಾಮಗ್ರಿ ಎಂದು ಮೂರು ಭಾಗ ಮಾಡಿ ಮೂರು ಭೇಟಿಗಳಲ್ಲಿ ಕೇಳಲಾಯಿತು. ಪಡಿತರ ಅಂಗಡಿಯಲ್ಲಿ ಉಚಿತವಾಗಿ ದೊರೆತ ಅಕ್ಕಿಯಂಥ ಪದಾರ್ಥಗಳಿಗೆ ಬೆಲೆ ಕಟ್ಟಿ ಪ್ರತ್ಯೇಕ ಅಂದಾಜನ್ನೂ ನೀಡಲಾಯಿತು. ಆದರೆ ಹಳೆಯ ಸುತ್ತುಗಳೊಡನೆ ನೇರ ಹೋಲಿಕೆ ಕಷ್ಟವಾಯಿತು.

ಯಾರ ಮನೆ ಬಾಗಿಲು?

ಉತ್ತರದಷ್ಟೇ ಮುಖ್ಯವಾದುದು ಮನೆಯ ಆಯ್ಕೆ. ನಗರವನ್ನು ಸಣ್ಣ ಸಣ್ಣ ಬ್ಲಾಕ್‌ಗಳಾಗಿ ಗುರುತಿಸಿ, ಅವುಗಳಲ್ಲಿ ಕೆಲವನ್ನು ಯಾದೃಚ್ಛಿಕವಾಗಿ ಆರಿಸಿ, ಪ್ರತಿಯೊಂದರಲ್ಲೂ 18 ಮನೆಗಳಿಗೆ ಭೇಟಿ ನೀಡಲಾಗುತ್ತದೆ. ಸಿರಿವಂತರು ತಪ್ಪಿಹೋಗದಂತೆ ಕಾರು ಇದೆಯೇ, ಅದರ ಬೆಲೆ ಎಷ್ಟು ಎಂಬ ಆಧಾರದಲ್ಲಿ ನಗರದ ಮನೆಗಳನ್ನು ವಿಂಗಡಿಸುವ ಕ್ರಮ 2022-23ರಲ್ಲಿ ಬಂತು. ಆದರೂ ಬಡಾವಣೆಯ ಗೇಟಿನಲ್ಲೇ ಸಮೀಕ್ಷಕರನ್ನು ತಡೆದರೆ ಬೇರೊಂದು ಮನೆಯನ್ನು ಹುಡುಕಬೇಕಾಗುತ್ತದೆ. ನಿರಾಕರಿಸುವವರಲ್ಲಿ ಸಿರಿವಂತರೇ ಹೆಚ್ಚಾದರೆ ಬದಲಿ ಮನೆಯಿಂದ ಆ ಕೊರತೆ ತುಂಬುವುದಿಲ್ಲ.

ಪಟ್ಟಿ ಹಳತಾದರೂ ಇದೇ ತೊಡಕು. 2011ರ ಜನಗಣತಿಯ ಕಾಲಕ್ಕೆ ಗ್ರಾಮ ಪಂಚಾಯಿತಿಗಳ ಆಡಳಿತದಲ್ಲಿದ್ದ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಅನಂತರ ನಗರ ಸ್ಥಳೀಯ ಸಂಸ್ಥೆಗಳಾದವು. ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದಿವೆ. ಹಳೆಯ ಪಟ್ಟಿಯಲ್ಲಿ ಇವು ಹಳ್ಳಿಗಳಾಗಿಯೇ ಉಳಿದರೆ ನಗರದ ಚಿತ್ರವೂ ಹಳ್ಳಿಯ ಚಿತ್ರವೂ ಏರುಪೇರಾಗುತ್ತವೆ.

2023-24ರಲ್ಲಿ ದೇಶದಾದ್ಯಂತ 2,61,953 ಕುಟುಂಬಗಳನ್ನು ಸಂದರ್ಶಿಸಲಾಯಿತು. ಸಂಖ್ಯೆ ದೊಡ್ಡದೆನಿಸಿದರೂ ಒಂದು ನಗರದ ಪಾಲಿಗೆ ಬರುವ ಮನೆಗಳು ಅಲ್ಪ. ರಾಜ್ಯದ ಅಂದಾಜಿಗಾಗಿ ರೂಪಿಸಿದ ಮಾದರಿಯಿಂದ ಮೈಸೂರು ನಗರದ ಸರಾಸರಿ ತೆಗೆದರೆ ಅದು ನಂಬುವಂಥದಾಗದು.

ಯಾರಿಗೇನು ನಷ್ಟ?

ಈ ಅಂಕಿಗಳು ಕಡತದಲ್ಲೇ ಉಳಿಯುವುದಿಲ್ಲ. ಬಡವರೆಷ್ಟು ಎಂಬ ಲೆಕ್ಕ, ಬೆಲೆ ಏರಿಕೆಯ ಸೂಚ್ಯಂಕದಲ್ಲಿ ಅಕ್ಕಿಗೆಷ್ಟು, ಬಾಡಿಗೆಗೆಷ್ಟು ತೂಕ ಎಂಬ ತೀರ್ಮಾನ ಎರಡಕ್ಕೂ ಇವೇ ಆಧಾರ. ನಗರವಾಸಿಗಳ ಖರ್ಚಿನಲ್ಲಿ ಆಹಾರದ ಪಾಲು 2011-12ರಲ್ಲಿ ಶೇ 42.6 ಇದ್ದದ್ದು 2023-24ರಲ್ಲಿ ಶೇ 39.7ಕ್ಕೆ ಇಳಿದಿದೆ. ಹೀಗಿದ್ದೂ ಸೂಚ್ಯಂಕವು 2011-12ರ ಸಮೀಕ್ಷೆಯ ತೂಕವನ್ನೇ ವರ್ಷಾನುಗಟ್ಟಲೆ ಬಳಸಬೇಕಾಯಿತು.

ಡೆನ್ಮಾರ್ಕ್, ಫಿನ್ಲೆಂಡ್‌ನಂಥ ದೇಶಗಳಲ್ಲಿ ಆದಾಯದ ವಿವರ ಬಹುಪಾಲು ತೆರಿಗೆ ಮತ್ತಿತರ ಸರ್ಕಾರಿ ದಾಖಲೆಗಳಿಂದಲೇ ಸಿಗುತ್ತದೆ. ಬೀಡಿ ಕಟ್ಟುವವರ, ಹೂ ಮಾರುವವರ ಗಳಿಕೆ ಅಂಥ ಯಾವ ದಾಖಲೆಗೂ ಸೇರದ ಇಲ್ಲಿ ಮನೆಬಾಗಿಲ ಪ್ರಶ್ನೆಗೆ ಪರ್ಯಾಯವಿಲ್ಲ. 2008ರ ಸಾಂಖ್ಯಿಕ ಸಂಗ್ರಹಣಾ ಕಾಯ್ದೆಯ ಪ್ರಕಾರ ಹೀಗೆ ಪಡೆದ ಮಾಹಿತಿಯನ್ನು ಅಂಕಿ ಅಂಶದ ಉದ್ದೇಶಕ್ಕಷ್ಟೇ ಬಳಸಬೇಕು, ಗೋಪ್ಯವಾಗಿಡಬೇಕು. ಪಡಿತರ ಚೀಟಿಯ ಪರಿಶೀಲನೆಗೂ ಇದಕ್ಕೂ ಸಂಬಂಧವಿಲ್ಲವೆಂಬ ಭರವಸೆ ಮನೆಯವರಿಗೆ ಮೂಡಬೇಕಾದರೆ ಸಮೀಕ್ಷಕರು ಗುರುತಿನ ಚೀಟಿ ತೋರಿಸಿ, ಉದ್ದೇಶ ತಿಳಿಸಿ, ಉತ್ತರಕ್ಕೆ ಸಮಯ ಕೊಡಬೇಕು. ಅವರು ತಮ್ಮ ಮನೆಗೆ ಬಂದಾಗ ಉಳ್ಳವರೂ ಗೇಟು ತೆರೆಯಬೇಕು.