ಡಿಎನ್‌ಎಯನ್ನು ಮುದುಡಿಸುವ ಪಾಲಿಮರ್

ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಯನ್ನು ಕೊಬ್ಬಿನ ನ್ಯಾನೋಕಣಗಳಲ್ಲಿ ತುಂಬಿ ಕೊಟ್ಟರಲ್ಲ, ನೀರಿನಲ್ಲಿ ಕರಗುವ ಪಾಲಿಮರ್‌ಗಳಿಂದ ಆ ಕೆಲಸ ಆಗುವುದಿಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಆಗುತ್ತದೆ. ಆದರೆ ಈ ಪಾಲಿಮರ್‌ಗಳು ನೆಲೆ ಕಂಡುಕೊಂಡದ್ದು ರೋಗಿಯ ದೇಹದಲ್ಲಲ್ಲ, ಔಷಧದ ಕಾರ್ಖಾನೆಯಲ್ಲಿ.

ಮಳೆಗಾಲದ ಕದಡಿದ ನೀರಿನಲ್ಲಿ ಪಟಿಕದ ತುಂಡನ್ನು ಆಡಿಸಿದರೆ ಸ್ವಲ್ಪ ಹೊತ್ತಿಗೆ ಮಣ್ಣು ತಳಕ್ಕಿಳಿಯುತ್ತದೆ. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ; ಒಂದನ್ನೊಂದು ದೂರ ತಳ್ಳುತ್ತ ಅವು ತೇಲುತ್ತಲೇ ಇರುತ್ತವೆ. ಪಟಿಕದ ಅಲ್ಯೂಮಿನಿಯಂ ಧನ ವಿದ್ಯುದಂಶ ತಂದು ಆ ತಳ್ಳಾಟವನ್ನು ನಿಲ್ಲಿಸುತ್ತದೆ. ಕಣಗಳು ಕೂಡಿ ಭಾರವಾಗುತ್ತವೆ. ಡಿಎನ್‌ಎ ಎಳೆಯ ಪಾಡೂ ಇದೇ. ಅದರ ಉದ್ದಕ್ಕೂ ಫಾಸ್ಫೇಟುಗಳು, ಪ್ರತಿಯೊಂದರ ಮೇಲೂ ಋಣ ವಿದ್ಯುದಂಶ. ಹೀಗಾಗಿ ಎಳೆ ನೀರಿನಲ್ಲಿ ಹರಡಿಕೊಂಡೇ ಇರುತ್ತದೆ. ಜೀವಕೋಶದ ಹೊರಮೈ ಸಹ ಋಣವೇ ಆದ್ದರಿಂದ ಅದು ಡಿಎನ್‌ಎಯನ್ನು ಹತ್ತಿರ ಸೇರಿಸುವುದಿಲ್ಲ. ಧನ ವಿದ್ಯುದಂಶದ ಅಮೈನ್‌ಗಳನ್ನು ಹೊತ್ತ ಪಾಲಿಮರ್ ಬೆರೆಸಿ ನೋಡಿ: ನೂರಕ್ಕೆ ಸುಮಾರು 90 ಪಾಲು ಋಣ ತೀರುತ್ತಿದ್ದಂತೆ ಎಳೆ ತಟ್ಟನೆ ಮುದುಡಿ ಸೂಕ್ಷ್ಮ ಉಂಡೆಯಾಗುತ್ತದೆ. ಡಿಎನ್‌ಎಗೆ ಮುತ್ತಿಕೊಂಡಿದ್ದ ಸೋಡಿಯಂ ಅಯಾನುಗಳು ಆಗ ನೀರಿಗೆ ಬಿಡುಗಡೆಯಾಗುತ್ತವೆ. ಈ ಬಂಧಕ್ಕೆ ಬಲ ಒದಗುವುದು ಬಹುಪಾಲು ಆ ಬಿಡುಗಡೆಯಿಂದಲೇ. ಪಾಲಿಮರ್ ತುಸು ಹೆಚ್ಚು ಹಾಕಿದರೆ ಉಂಡೆಯ ಹೊರಮೈ ಧನವಾಗಿ, ಜೀವಕೋಶಕ್ಕೆ ತಾನೇ ಅಂಟಿಕೊಳ್ಳುತ್ತದೆ.

1965ರಲ್ಲಿ ವಾಹೇರಿ ಮತ್ತು ಪಗಾನೊ ಧನ ವಿದ್ಯುದಂಶದ ಡೆಕ್ಸ್‌ಟ್ರಾನ್ ಬಳಸಿ ಪೋಲಿಯೊ ವೈರಸ್ಸಿನ ಆರ್‌ಎನ್‌ಎಯನ್ನು ಜೀವಕೋಶಗಳಿಗೆ ಸೇರಿಸಿದ್ದರು. 1987ರಲ್ಲಿ ವೂ ದಂಪತಿ ಪಾಲಿಲೈಸಿನ್ ಎಂಬ ಧನ ವಿದ್ಯುದಂಶದ ಪಾಲಿಮರ್‌ಗೆ ಯಕೃತ್ತಿನ ಕೋಶ ಗುರುತಿಸುವ ಪ್ರೋಟೀನ್ ಜೋಡಿಸಿದರು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು 1995ರ ಕೆಲಸ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಝಾನ್-ಪಾಲ್ ಬೇರ್ ತಂಡ ಆರಿಸಿಕೊಂಡದ್ದು ಪಾಲಿಎಥಿಲೀನ್‌ಇಮೈನ್, ಅಂದರೆ ಪಿಇಐ. ಕಾಗದದ ಗಿರಣಿಗಳಲ್ಲಿ, ನೀರು ತಿಳಿಯಾಗಿಸುವಲ್ಲಿ ಬಳಸುವ ಅಗ್ಗದ ರಾಸಾಯನಿಕವದು! ಅದರ ಬೆನ್ನೆಲುಬಿನಲ್ಲಿ ಪ್ರತಿ ಮೂರನೆಯ ಪರಮಾಣು ಸಾರಜನಕ. ಜೀವಕೋಶ ನುಂಗಿದ ಉಂಡೆ ಒಂದು ಚೀಲದೊಳಗೆ ಸಿಕ್ಕಿಬೀಳುತ್ತದೆ. ಚೀಲ ಆಮ್ಲೀಯವಾಗುತ್ತ ಹೋದಂತೆ ಈ ಸಾರಜನಕಗಳು ಪ್ರೋಟಾನುಗಳನ್ನು ಹೀರುತ್ತವೆ, ಹಿಂದೆಯೇ ಕ್ಲೋರೈಡೂ ನೀರೂ ನುಗ್ಗಿ ಚೀಲ ಒಡೆಯುತ್ತದೆ ಎಂದು ಬೇರ್ ವಾದಿಸಿದರು. ಸೊಗಸಾದ ವಿವರಣೆ, ಪಠ್ಯಗಳಲ್ಲೂ ನೆಲೆಯೂರಿತು. ಆದರೆ 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಅಳೆದು ನೋಡಿದಾಗ ಪಿಇಐ ಲೈಸೋಸೋಮ್ ಎಂಬ ಕೋಶದೊಳಗಿನ ಆಮ್ಲೀಯ ಚೀಲದ ಆಮ್ಲತೆಯನ್ನು ಬದಲಿಸಿದ್ದು ಕಾಣಲಿಲ್ಲ.

ರಕ್ತಕ್ಕೆ ಚುಚ್ಚಿದಾಗ ಕಥೆ ಬೇರೆ. ಧನ ಉಂಡೆ ಜೀವಕೋಶಕ್ಕೆ ಅಂಟುವಷ್ಟೇ ಸಲೀಸಾಗಿ ರಕ್ತದ ಪ್ರೋಟೀನುಗಳಿಗೂ ಅಂಟುತ್ತದೆ, ಗಂಟುಗಟ್ಟಿ ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಪೊರೆಗಳನ್ನು ಕೆಡಿಸುತ್ತದೆ. ಬಿಗಿಯಾಗಿ ಹಿಡಿದರೆ ಡಿಎನ್‌ಎ ಒಳಗೆ ಬಿಚ್ಚಿಕೊಳ್ಳದು. ಸಡಿಲವಾದರೆ ದಾರಿಯಲ್ಲೇ ಕಳಚಿಬಿಡುತ್ತದೆ. ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಹೊದಿಕೆ ತೊಡಿಸಿದರೆ ಅಂಟುವುದು ತಗ್ಗುತ್ತದೆ, ಜೊತೆಗೆ ಕೋಶದೊಳಗೆ ಹೊಗುವುದೂ ತಗ್ಗುತ್ತದೆ. ಇಲಿಯಲ್ಲಿ ಗೆದ್ದ ಹೊಸ ಪಾಲಿಮರ್ ಪ್ರತಿ ಬಾರಿ ಸುದ್ದಿಯಾದಾಗಲೂ ನಾನು ಮೊದಲು ಹುಡುಕುವುದು ಈ ತೊಡಕುಗಳಿಗೆ ಅಲ್ಲಿ ಉತ್ತರವಿದೆಯೇ ಎಂದು.

ಕಾರ್ಖಾನೆಯಲ್ಲಿ ಮಾತ್ರ ಪಿಇಐಗೆ ಈ ತೊಡಕುಗಳಿಲ್ಲ. ಎಸ್‌ಎಂಎ ಎಂಬ ಸ್ನಾಯು ಕ್ಷೀಣಿಸುವ ಆನುವಂಶಿಕ ರೋಗದ ಮಕ್ಕಳಿಗಾಗಿ 16 ಕೋಟಿ ರೂಪಾಯಿ ಕೂಡಿಸುವ ಮನವಿಗಳು ನಮ್ಮ ಪತ್ರಿಕೆಗಳಲ್ಲೂ ಬಂದಿವೆ. ಆ ಔಷಧ ಜೋಲ್‌ಜೆನ್‌ಸ್ಮಾ. ಜೀನನ್ನು ಹೊತ್ತೊಯ್ಯುವುದು ಎಎವಿ ಎಂಬ ವೈರಸ್. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಕೋಟಿ ಕೋಟಿಗೂ ಹೆಚ್ಚು ವೈರಸ್ ಜೀನೋಮ್‌ಗಳು ಬೇಕು. ಇಂಥ ವೈರಸ್ಸುಗಳನ್ನು ಸಾಮಾನ್ಯವಾಗಿ ತಯಾರಿಸುವುದು ಹೆಕ್ 293 ಎಂಬ ಮಾನವ ಕೋಶಗಳ ಕೃಷಿಯಲ್ಲಿ: ಮೂರು ಬಗೆಯ ಡಿಎನ್‌ಎ ಉಂಗುರಗಳನ್ನು ಒಂದೇ ಕೋಶದೊಳಗೆ ಸೇರಿಸಿದರೆ ಅದು ವೈರಸ್ ಕಟ್ಟಿಕೊಡುತ್ತದೆ. ಹಾಗೆ ಸೇರಿಸಲು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಪಿಇಐ ಒಂದು. ಕೋಶ ಬೆಳೆಸುವ ಟ್ಯಾಂಕಿನಲ್ಲಿ ರಕ್ತವಿಲ್ಲ, ಶ್ವಾಸಕೋಶವಿಲ್ಲ. ಕೆಲವು ಕೋಶಗಳು ಸತ್ತರೂ ನಡೆಯುತ್ತದೆ, ಉಳಿದ ಪಾಲಿಮರನ್ನು ಶುದ್ಧೀಕರಣದಲ್ಲಿ ತೆಗೆಯುತ್ತಾರೆ.